ಹರಿಗೋಲಿನ ಕೆತ್ತನೆಗೆ ಎಪಾಕ್ಸಿ ನೀರು: ಅಳತೆ, ಬಣ್ಣ, ತೆರೆ, ಗುಳ್ಳೆ

(ಮರಗೆತ್ತನೆಯವರ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಉಳಿಪೆಟ್ಟು

ಶಿವನಿ ಮರದ ಹಲಗೆ, 45 × 30 ಸೆಂ.ಮೀ., ದಪ್ಪ 40 ಮಿ.ಮೀ. ಆನೆಗೊಂದಿ ಕಡೆಯ ತುಂಗಭದ್ರೆಯ ದೃಶ್ಯ. ಎರಡೂ ಬದಿ ಬಂಡೆ, ನಡುವೆ ಹೊಳೆ, ಹೊಳೆಯಲ್ಲಿ ಹರಿಗೋಲು, ಅದರಲ್ಲಿ ಹುಟ್ಟು ಹಾಕುವ ಅಂಬಿಗ. ಪ್ರಮಾಣ 1:32, ಅಂದರೆ 2.4 ಮೀಟರ್ ವ್ಯಾಸದ ಹರಿಗೋಲು ಇಲ್ಲಿ 7.5 ಸೆಂ.ಮೀ. ಹೊಳೆಯ ತಗ್ಗು ಉದ್ದ 38, ಅಗಲ 16 ಸೆಂ.ಮೀ. ನಡುವೆ 9 ಮಿ.ಮೀ. ಆಳ, ದಡಕ್ಕೆ ಬರುತ್ತ ಸೊನ್ನೆ. ಬಂಡೆಯ ಕೆತ್ತನೆ ಮುಗಿದಿದೆ. ಹರಿಗೋಲು ಬಿಡಿ ತುಂಡು, ಇನ್ನೂ ಕೂರಿಸಿಲ್ಲ.

ಹೊಳೆಯ ನೀರಿಗೆ ಎಪಾಕ್ಸಿ ರೆಸಿನ್ ಸುರಿಯಬೇಕು, ಅಂದರೆ ಹಾರ್ಡ್ನರ್ ಎಂಬ ಇನ್ನೊಂದು ದ್ರವ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ರಾಳ. ಬೇಕಾದ ಮಾಹಿತಿ: ಯಾವ ಬಗೆಯ ರೆಸಿನ್, ಎಷ್ಟು, ಎಷ್ಟು ಪದರ? ಬಂಡೆಗೆ ಬಣ್ಣ ಮೊದಲೋ ರೆಸಿನ್ ಮೊದಲೋ? ಹರಿಗೋಲು ಯಾವ ಹಂತದಲ್ಲಿ ಕೂರಬೇಕು? ನೀರು ಈಜುಕೊಳದ ಹಾಗೆ ಕಾಣಬಾರದು, ಅದು ಮುಖ್ಯ.

ರಾಳಶಾಸ್ತ್ರ

ಮೊದಲು ಪ್ರಮಾಣ. ಉದ್ದ × ಅಗಲ × ಸರಾಸರಿ ಆಳ, ಎಲ್ಲವೂ ಸೆಂಟಿಮೀಟರಿನಲ್ಲಿ. 38 × 16 × 0.5 = 304 ಮಿ.ಲೀ. ಆದರೆ ಹೊಳೆ ಆಯತ ಅಲ್ಲ, ಬಂಡೆಗಳು ಒಳಗೆ ಚಾಚಿರುತ್ತವೆ, ಲೆಕ್ಕ ಜಾಸ್ತಿಯೇ ಬರುತ್ತೆ. ಸರಿಯಾದ ದಾರಿ ಅಂದ್ರೆ ರಾಗಿ. ತಗ್ಗಿಗೆ ರಾಗಿ ಸುರಿದು, ನೀರು ಎಲ್ಲಿವರೆಗೆ ಬೇಕೋ ಅಲ್ಲಿವರೆಗೆ ಸ್ಕೇಲಿನಿಂದ ಸಮ ಮಾಡಿ, ಆ ರಾಗಿಯನ್ನ ಅಳತೆಯ ಲೋಟಕ್ಕೆ ಹಾಕಿ. ಎಷ್ಟು ಮಿ.ಲೀ. ಬಂತೋ ಅಷ್ಟೇ ರೆಸಿನ್. ಅಕ್ಕಿ ಬೇಡ, ಕಾಳು ಉದ್ದ, ಬಂಡೆಯ ಸಂದಿಗೆ ಇಳಿಯಲ್ಲ. ಬಂದದ್ದನ್ನ 1.1ರಿಂದ ಗುಣಿಸಿದರೆ ಗ್ರಾಂ. ಲೋಟಕ್ಕೆ, ಕಡ್ಡಿಗೆ ಅಂಟಿ ಹೋಗುವುದಕ್ಕೆ ಶೇ. 10 ಸೇರಿಸಿ.

ಬಗೆ: ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತೆ. ಒಂದು ಲೇಪನದ ರೆಸಿನ್, ಜೇನಿನಂತೆ ಮಂದ, ಒಂದು ಸಲಕ್ಕೆ 3ರಿಂದ 6 ಮಿ.ಮೀ., ಒಂದು ದಿನದಲ್ಲಿ ಗಟ್ಟಿ. ಇನ್ನೊಂದು ಎರಕದ ರೆಸಿನ್, ತೆಳು, ಗುಳ್ಳೆ ತಾನೇ ಮೇಲೆ ಬರುತ್ತೆ, 25 ಮಿ.ಮೀ.ಗಿಂತ ಹೆಚ್ಚು ಆಳಕ್ಕೂ ತಡೆಯುತ್ತೆ, ಆದರೆ ಗಟ್ಟಿಯಾಗೋಕೆ ಮೂರು ದಿನ. ನಿಮ್ಮ 9 ಮಿ.ಮೀ.ಗೆ ಎರಕದ ರೆಸಿನ್ ಬೇಕಿಲ್ಲ. ತೆಳು ಪದರದಲ್ಲಿ ಅದು ಸಾಕಷ್ಟು ಬಿಸಿಯಾಗದೆ ದಿನಗಟ್ಟಲೆ ಮೆತ್ತಗೇ ಇರುತ್ತೆ. ಲೇಪನದ್ದು ತಗೊಂಡು ಮೂರು ಪದರ ಹಾಕಿ.

ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡ್ನರ್ ಜೋಡಿ ಎಲ್ಲ ಕಡೆ ಸಿಗುತ್ತೆ ಅಂತ ಅದನ್ನ ತರಬೇಡಿ. ಅದು ಗಾಜುನಾರಿನ ಕೆಲಸದ್ದು. ತೂಕದಲ್ಲಿ 100ಕ್ಕೆ 10 ಲೆಕ್ಕ, ಬೇಗ ಬಿಸಿಯೇರುತ್ತೆ, ಹಳದಿಗೆ ಬೇಗ ತಿರುಗುತ್ತೆ. ಅಗ್ಗ ಅಂತ ಪಾಲಿಯೆಸ್ಟರ್ ರೆಸಿನ್ನೂ ಬೇಡ. ಗಟ್ಟಿಯಾಗುವಾಗ ಶೇ. 5ಕ್ಕಿಂತ ಹೆಚ್ಚು ಕುಗ್ಗುತ್ತೆ, ಅಂಚಿನಲ್ಲಿ ಮರ ಬಿಟ್ಟು ನಿಲ್ಲುತ್ತೆ. ವಾಸನೆಗೆ ಮನೆಯಲ್ಲಿ ಯಾರೂ ಇರೋಕಾಗಲ್ಲ.

ಇನ್ನೊಂದು ಮಾತು: ದಡದಲ್ಲಿ ಆಳ ಸೊನ್ನೆ ಅಂದಿರಲ್ಲ, ಅದನ್ನ ಈಗಲೇ ಸರಿಮಾಡಿ. ಕಾಗದದಷ್ಟು ತೆಳುವಾದ ರೆಸಿನ್ ಅಂಚು ಮರ ಹಿಗ್ಗಿ ಕುಗ್ಗುವಾಗ ಚಕ್ಕೆ ಏಳುತ್ತೆ. ನೀರಂಚಿನ ಉದ್ದಕ್ಕೂ ಚೂಪು ಚಾಣದಲ್ಲಿ 1ರಿಂದ 1.5 ಮಿ.ಮೀ. ಮೆಟ್ಟಿಲು ಇಳಿಸಿ. ಬಂಡೆಯ ಬುಡದಲ್ಲಿ ಸ್ವಲ್ಪ ಒಳಕ್ಕೆ ಕೊರೆದರೆ ಇನ್ನೂ ಒಳ್ಳೇದು, ರೆಸಿನ್ ಬಂಡೆಯಡಿ ನುಗ್ಗಿದ ಹಾಗೆ ಕಾಣುತ್ತೆ, ಹಿಡಿತವೂ ಸಿಗುತ್ತೆ.

ತೇಗದಹೊಟ್ಟು

ರೆಸಿನ್ ಬಾಟಲಿ ತೆರೆಯೋ ಮೊದಲು ಮರದ ಕಡೆ ನೋಡಿ. ಗುಳ್ಳೆಯ ದೂರುಗಳಲ್ಲಿ ಮುಕ್ಕಾಲು ಪಾಲು ಕಲಸಿದ್ದರಿಂದ ಬಂದದ್ದಲ್ಲ, ಮರದಿಂದ ಬಂದದ್ದು. ಮರದ ನಾಳಗಳಲ್ಲಿ ಗಾಳಿ ಇರುತ್ತೆ. ಕೋಣೆ ಬಿಸಿಯಾದಂತೆ ಆ ಗಾಳಿ ಹಿಗ್ಗಿ ಹೊರಗೆ ಬರುತ್ತೆ, ಮೇಲೆ ಅರೆಗಟ್ಟಿ ರೆಸಿನ್ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಅದಕ್ಕೇ ಬೆಳಗ್ಗೆ ಹತ್ತಕ್ಕೆ ಸುರಿಯಬೇಡಿ. ಮಧ್ಯಾಹ್ನ ಮರ ಬೆಚ್ಚಗಾಗಲಿ, ಸಂಜೆ ತಣಿಯೋಕೆ ಶುರುವಾದಾಗ ಮೊದಲ ಲೇಪನ ಹಚ್ಚಿ. ಒಳಗಿನ ಗಾಳಿ ಕುಗ್ಗುತ್ತ ರೆಸಿನ್ನನ್ನ ಒಳಕ್ಕೆ ಎಳೆದುಕೊಳ್ಳುತ್ತೆ.

ತೇವ ಶೇ. 12ರ ಒಳಗಿರಲಿ, 8ರಿಂದ 10 ಇದ್ದರೆ ನಿಶ್ಚಿಂತೆ. ಮೀಟರ್ ಇಲ್ಲದವರು ಹಲಗೆ ತೂಗಿ ಬರೆದಿಟ್ಟು ವಾರ ಬಿಟ್ಟು ಮತ್ತೆ ತೂಗಿ. ತೂಕ ಇನ್ನೂ ಇಳೀತಿದ್ದರೆ ಮರ ಒಣಗಿಲ್ಲ.

ಹೊಳೆಯ ತಗ್ಗಿನ ಪೂರ್ತಿ ಮೈಗೆ ತೆಳುವಾಗಿ ರೆಸಿನ್ ಬ್ರಷ್‌ನಿಂದ ಹಚ್ಚಿ. ನಿಮ್ಮ ಅಳತೆಗೆ 20 ಗ್ರಾಂ ಸಾಕು. ಮರ ಅಲ್ಲಲ್ಲಿ ಕುಡಿದು ಮಂಕಾದರೆ ಅಲ್ಲಿ ಇನ್ನೊಮ್ಮೆ. ನಾರು ಅಡ್ಡ ಕತ್ತರಿಸಿದ ಜಾಗಗಳನ್ನ, ಅಂದರೆ ಬಂಡೆಯ ಬುಡಗಳನ್ನ, ಎರಡು ಸಲ. ಅಲ್ಲಿ ಮರ ಸ್ಟ್ರಾ ಇದ್ದ ಹಾಗೆ, ಹೀರ್ತಾನೇ ಇರುತ್ತೆ. ಹೀರಿದ್ದು ಬಂಡೆಯ ಮೈಮೇಲೆ ಒದ್ದೆ ಕಲೆಯಾಗಿ ಮೂಡಿದರೆ ಉಜ್ಜಿದರೂ ಹೋಗಲ್ಲ, ಒಳಗಿಂದ ಬಂದ ಕಲೆ ಅದು.

ಶಿವನಿಗೆ ಎಣ್ಣೆಯ ಕಾಟ ಇಲ್ಲ. ತೇಗ, ಬೀಟೆಯಲ್ಲಿ ಕೆತ್ತುವವರು ರೆಸಿನ್ ತಾಗುವ ಜಾಗವನ್ನ ಅಸಿಟೋನ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ, ಎಣ್ಣೆ ಮತ್ತೆ ಮೇಲೆ ಬರೋದ್ರೊಳಗೆ ಲೇಪನ ಹಚ್ಚಬೇಕು. ಬೀಟೆಯಲ್ಲಿ ಇನ್ನೊಂದು ತಕರಾರು. ಅಸಿಟೋನ್, ಸ್ಪಿರಿಟ್ ತಾಗಿದರೆ ಅದರ ಕೆಂಪು ನೇರಳೆ ಬಣ್ಣ ಬಿಡುತ್ತೆ, ಪಕ್ಕದ ಬಿಳಿ ಮರಕ್ಕೆ ಹರಿದರೆ ಕೆಟ್ಟಿತು. ಗಂಧದ ಮರಕ್ಕೆ ಎಪಾಕ್ಸಿ ಸುರಿಯೋದು ಹೇಗೆ ಅಂತ ಯಾರೂ ಕೇಳಬೇಡಿ, ಪರಿಮಳ ಮುಚ್ಚಿಹಾಕೋಕೆ ಅಷ್ಟು ದುಡ್ಡು ಯಾಕೆ.

ಕಡಲತಡಿ

ಮೇಲಿನದಕ್ಕೆ ಒಂದು ತಿದ್ದುಪಡಿ. ಮಂಗಳೂರು, ಕಾರವಾರ, ಹೊನ್ನಾವರದವರು ಜೂನ್‌ನಿಂದ ಸೆಪ್ಟೆಂಬರ್ ತನಕ ಸಂಜೆ ಸುರಿಯೋದು ಅಪಾಯ. ಮರ ಶೇ. 16ರ ತೇವಕ್ಕೆ ತಾನೇ ಏರಿರುತ್ತೆ. ಗಾಳಿಯ ತೇವ ಶೇ. 85 ದಾಟಿದಾಗ ಹಾರ್ಡ್ನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕ ಗಾಳಿಯ ನೀರಾವಿ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತೆ. ಮುಟ್ಟಿದರೆ ಮೇಣ ಸವರಿದ ಹಾಗೆ. ನೋಡೋಕೆ ಕಾವಳ ಕವಿದ ಕನ್ನಡಿ. ಅದರ ಮೇಲೆ ಎರಡನೇ ಪದರ ಸುರಿದರೆ ಎರಡೂ ಅಂಟಿಕೊಳ್ಳಲ್ಲ, ಮೀನಿನ ಕಣ್ಣಿನ ಥರ ಗುಂಡಿ ಬೀಳುತ್ತೆ.

ಆ ಪೊರೆ ಥಿನ್ನರ್‌ಗೆ ಹೋಗಲ್ಲ, ಬರೀ ಹರಡುತ್ತೆ. ಅದು ನೀರಿಗೆ ಕರಗುವ ವಸ್ತು. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು, ಮೆತ್ತನೆ ಸ್ಕ್ರಬ್, ಆಮೇಲೆ ಬರೀ ನೀರಿನ ಬಟ್ಟೆ, ಒಣಗಿದ ಮೇಲೆ 320ರ ಎಮರಿ ಕಾಗದ. ಈ ಕ್ರಮದಲ್ಲೇ. ಮೊದಲು ಉಜ್ಜಿದರೆ ಜಿಡ್ಡನ್ನ ಗೀರುಗಳ ಒಳಗೆ ತುಂಬಿದ ಹಾಗಾಗುತ್ತೆ.

ಮಳೆಗಾಲದಲ್ಲಿ ಮಾಡಲೇಬೇಕು ಅಂದ್ರೆ ಚಿಕ್ಕ ಕೋಣೆ, ಬಾಗಿಲು ಹಾಕಿ, ಎಸಿಯನ್ನ ಡ್ರೈ ಮೋಡ್‌ನಲ್ಲಿ ಇಟ್ಟು, ತೇವ ಶೇ. 60ಕ್ಕೆ ಇಳಿದ ಮೇಲೆ ಸುರಿಯಿರಿ. ಮರವೂ ಅದೇ ಕೋಣೆಯಲ್ಲಿ ಮೂರ್ನಾಲ್ಕು ದಿನ ಮುಂಚೆಯಿಂದ ಇರಬೇಕು. ಎಸಿಯ ಗಾಳಿ ನೇರ ಮೇಲೆ ಬೀಳದಂತೆ ರಟ್ಟಿನ ಡಬ್ಬಿ ಮುಚ್ಚಿ. ಆ ಡಬ್ಬಿ ದೂಳಿಗೂ ಆಯ್ತು, ದೀಪದ ಹುಳಕ್ಕೂ ಆಯ್ತು.

ಬಣ್ಣದಬಟ್ಟಲು

"ಈಜುಕೊಳದ ಹಾಗೆ ಕಾಣಬಾರದು" ಅಂದಿರಲ್ಲ, ಉತ್ತರ ರೆಸಿನ್‌ನಲ್ಲಿಲ್ಲ, ತಳದಲ್ಲಿದೆ. 9 ಮಿ.ಮೀ. ರೆಸಿನ್ ಯಾವ ಕಾಲಕ್ಕೂ ಆಳ ಕಾಣಿಸಲ್ಲ. ಆಳ ಕಾಣಿಸೋದು ತಳಕ್ಕೆ ಹಚ್ಚಿದ ಬಣ್ಣ. ರೆಸಿನ್ ಮಾಡೋದು ಆ ಬಣ್ಣವನ್ನ ಒದ್ದೆ ಮಾಡುವ ಕೆಲಸ ಅಷ್ಟೆ.

ತುಂಗಭದ್ರೆ ನೀಲಿ ಅಲ್ಲ. ಮಳೆಗಾಲದ ಹೊಸ ನೀರು ಇಟ್ಟಿಗೆ ತೊಳೆದ ಹಾಗೆ ಕೆಂಗಂದು. ಮಳೆ ನಿಂತು ತಿಳಿಯಾದ ಮೇಲೆ ಹಸಿರು, ಅದೂ ಪಾಚಿ ಕಲ್ಲಿನ ಹಸಿರು. ಹರಿಗೋಲು ಓಡೋದು ನೀರು ಇಳಿದು ಶಾಂತವಾದಾಗ, ಹಾಗಾಗಿ ನಿಮಗೆ ಎರಡನೆಯದು. ನೀಲಿ ಅನ್ನೋದು ಆಕಾಶದ ಪ್ರತಿಬಿಂಬ. ಹೊಳಪಿನ ಮೇಲ್ಮೈ ಇದ್ದರೆ ಕೋಣೆಯ ಕಿಟಕಿಯೇ ಅದನ್ನ ಕೊಡುತ್ತೆ, ಡಬ್ಬಿಯಿಂದ ಹಾಕಬೇಕಿಲ್ಲ.

ತಗ್ಗಿನ ಮೈಗೆ ಬ್ರಷ್‌ನಲ್ಲಿ ಹಚ್ಚಿದ ಮೊದಲ ತೆಳು ಲೇಪನ ಗಟ್ಟಿಯಾದ ಮೇಲೆ 320ರಲ್ಲಿ ಮಂಕು ಮಾಡಿ. ಅಕ್ರಿಲಿಕ್ ಬಣ್ಣ ಹೀಗೆ:

ನಡು ಆಳಕ್ಕೆ ಬರ್ನ್ಟ್ ಅಂಬರ್ (ಕಡು ಕಂದು), ಸ್ಯಾಪ್ ಗ್ರೀನ್ (ಎಲೆ ಹಸಿರು), ಚಿಟಿಕೆ ಕಪ್ಪು. ಕಪ್ಪಿಗೆ ಹತ್ತಿರ ಅನ್ನಿಸಬೇಕು, ಹೆದರಬೇಡಿ. ಅಲ್ಲಿಂದ ದಡಕ್ಕೆ ಬರುತ್ತ ಅಂಬರ್ ಕಡಿಮೆ, ಆಕರ್ (ಮಣ್ಣಿನ ಹಳದಿ) ಹೆಚ್ಚು. ಕೊನೆಯ 2 ಸೆಂ.ಮೀ. ಮರಳಿನ ಬಣ್ಣ, ಅದರಲ್ಲಿ ನಿಜವಾದ ಜರಡಿ ಹಿಡಿದ ಮರಳೇ ಸ್ವಲ್ಪ. ಎರಡು ಬಣ್ಣ ಸೇರುವ ಗೆರೆ ಕಾಣದಂತೆ ಒದ್ದೆ ಇದ್ದಾಗಲೇ ಸ್ಪಂಜಿನಿಂದ ತಟ್ಟಿ. ಮುಳುಗಿದ ಬಂಡೆಗಳನ್ನ ಹೊರಗಿನ ಬಂಡೆಗಿಂತ ಎರಡು ಪಟ್ಟು ಕಡು ಮಾಡಿ.

ಬಂಡೆಗೆ ಬಣ್ಣ ಮೊದಲೇ. ನೀರಂಚಿನ ಮೇಲೆ 3ರಿಂದ 4 ಮಿ.ಮೀ. ಅಗಲದ ಕಡು ಪಟ್ಟಿ ಬೇಕು, ಅದು ಒದ್ದೆಯಾದ ಗ್ರಾನೈಟ್. ಅದರ ಮೇಲೆ ಬಿಳಿಚಿದ ಒಂದು ಗೆರೆ, ನೀರು ಇಳಿದ ಗುರುತು. ಹಂಪಿಯ ಬಂಡೆಗಳನ್ನ ನೋಡಿದವರ ಕಣ್ಣು ಮೊದಲು ಹುಡುಕೋದು ಆ ಗೆರೆಯನ್ನೇ.

ಅಕ್ರಿಲಿಕ್ ಪೂರ್ತಿ ಎರಡು ದಿನ ಒಣಗಲಿ. ಒಳಗೆ ತೇವ ಉಳಿದರೆ ರೆಸಿನ್ ಹಾಲಾಗುತ್ತೆ.

ರೆಸಿನ್‌ಗೆ ಬಣ್ಣ: ಮೊದಲ ಪದರಕ್ಕೆ 100 ಮಿ.ಲೀ.ಗೆ ಹಸಿರು ಎರಡು ಹನಿ, ಕಂದು ಒಂದು. ಎರಡನೆಯದಕ್ಕೆ ಅರ್ಧ. ಮೂರನೆಯದು ಬರಿ ತಿಳಿ. ರೆಸಿನ್‌ಗೆಂದೇ ಬರುವ ಬಣ್ಣ ಬಳಸಿ. ಅಕ್ರಿಲಿಕ್ ಡಬ್ಬಿಯದು ಹಾಕಿದರೆ ಅದರ ನೀರು ಒಳಗೆ ಸೇರುತ್ತೆ. ಮಿಂಚುಪುಡಿ ಬೇಡವೇ ಬೇಡ, ಹೊಳೆ ಶಾಂಪೂ ಥರ ಆಗುತ್ತೆ.

ಉಳಿಪೆಟ್ಟು

ರಾಗಿ ಅಳತೆ: 260 ಮಿ.ಲೀ. ಹಾಗಾದರೆ 286 ಗ್ರಾಂ, ಪೋಲಿಗೆ ಸೇರಿಸಿ 315. ದಡದ ಮೆಟ್ಟಿಲು ಕೊರೆದಾಯ್ತು.

ನನ್ನ ರೆಸಿನ್ ಡಬ್ಬಿಯ ಮೇಲೆ 2:1 ಅಂತಿದೆ. ತೂಕವೋ ಗಾತ್ರವೋ ಹೇಗೆ ತಿಳಿಯೋದು? ಹಲಗೆಯ ಮುಂದಿನ ಅಂಚಿನಲ್ಲಿ ಹೊಳೆ ತೆರೆದುಕೊಂಡಿದೆ, ಅಲ್ಲಿ ತಡೆ ಹೇಗೆ? ಹರಿಗೋಲಿನ ಪ್ರಶ್ನೆಯೂ ಬಾಕಿ ಇದೆ.

ರಾಳಶಾಸ್ತ್ರ

2:1 ಜೊತೆಗೆ ಸಣ್ಣ ಅಕ್ಷರದಲ್ಲಿ ತೂಕದ ಲೆಕ್ಕ ಬೇರೆ ಇರುತ್ತೆ, ಡಬ್ಬಿ ತಿರುಗಿಸಿ ನೋಡಿ. ರೆಸಿನ್ ಹಾರ್ಡ್ನರ್‌ಗಿಂತ ಭಾರ. ಗಾತ್ರದಲ್ಲಿ 2:1 ಇದ್ದದ್ದು ತೂಕದಲ್ಲಿ 100ಕ್ಕೆ 42ರ ಸುಮಾರಿಗೆ ಬರುತ್ತೆ, 50 ಅಲ್ಲ. ಗಾತ್ರದ ಅನುಪಾತವನ್ನ ತಕ್ಕಡಿಯಲ್ಲಿ ತೂಗಿದರೆ ಹಾರ್ಡ್ನರ್ ಜಾಸ್ತಿ ಬಿದ್ದು ಮೇಲ್ಮೈ ರಬ್ಬರಿನಂತೆ ಉಳಿಯುತ್ತೆ. ಹಾರ್ಡ್ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತೆ ಅನ್ನೋದು ಫೆವಿಕಾಲ್ ಕಾಲದ ಊಹೆ. ಇಲ್ಲಿ ಒಂದೊಂದು ಅಣುವಿಗೂ ಜೋಡಿ ಬೇಕು. ಜೋಡಿ ಸಿಗದೆ ಉಳಿದದ್ದು ಎಂದೆಂದಿಗೂ ಜಿಗುಟು.

100:42 ಅಂತಿದ್ದರೆ 100 ಮಿ.ಲೀ. ಕಲಸೋಕೆ ರೆಸಿನ್ 77.5 ಗ್ರಾಂ, ಹಾರ್ಡ್ನರ್ 32.5 ಗ್ರಾಂ. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. 20 ಗ್ರಾಂನ ಲೇಪನಕ್ಕೆ ಅಡುಗೆಮನೆ ತಕ್ಕಡಿ ಸಾಲದು, ಒಂದು ಗ್ರಾಂ ಹೆಚ್ಚುಕಮ್ಮಿ ಅಂದ್ರೆ ಅಲ್ಲಿ ಶೇ. 5.

ನಿಮ್ಮ 260ನ್ನ ಹೀಗೆ ಹಂಚಿ: 70, 90, 100 ಮಿ.ಲೀ. ಕೆಳಗೆ ತಗ್ಗು ಕಿರಿದು, ಅದಕ್ಕೇ ಮೊದಲದು ಕಡಿಮೆ.

ಕಲಸೋದು: ಚಪ್ಪಟೆ ಕಡ್ಡಿ, ನಾಲ್ಕು ನಿಮಿಷ, ನಿಧಾನ. ಮೊಟ್ಟೆ ಹೊಡೆದ ಹಾಗಲ್ಲ. ಬದಿ, ತಳ ಕೆರೆಯುತ್ತ. ಮೊದಲು ನೂಲು ನೂಲಾಗಿ ಗೆರೆ ಕಾಣುತ್ತೆ, ಆ ಗೆರೆ ಪೂರ್ತಿ ಹೋಗಬೇಕು. ಆಮೇಲೆ ಇನ್ನೊಂದು ಲೋಟಕ್ಕೆ ಸುರಿದು ಹೊಸ ಕಡ್ಡಿಯಲ್ಲಿ ಒಂದು ನಿಮಿಷ. ಮೊದಲ ಲೋಟದ ಗೋಡೆಯಲ್ಲಿ ಕಲಸದೇ ಉಳಿದ ರೆಸಿನ್ ಇರುತ್ತೆ. ಅದನ್ನ ಕೆರೆದು ಹೊಳೆಗೆ ಹಾಕಿದರೆ ಸರಿಯಾಗಿ ಆ ಜಾಗ ಮಾತ್ರ ಅಂಟಂಟು.

ತಡೆ: 3 ಮಿ.ಮೀ. ಅಕ್ರಿಲಿಕ್ ಪಟ್ಟಿಗೆ ಒಳಮೈಯಲ್ಲಿ ಪ್ಯಾಕಿಂಗ್ ಟೇಪ್. ಕ್ಲಾಂಪ್ ಹಾಕಿ ಬಿಗಿ ಮಾಡಿ, ಹೊರಗಿನಿಂದ ಗ್ಲೂ ಗನ್. ಮಾಸ್ಕಿಂಗ್ ಟೇಪ್ ನಂಬಬೇಡಿ, ರೆಸಿನ್ ಅದರೊಳಗೆ ಹೊಕ್ಕು ಅಂಟುತ್ತೆ. ಸಿಲಿಕೋನ್ ಬಳಸೋದಾದ್ರೆ ಹೊರಗೆ ಮಾತ್ರ. ಒಳಗೆ ಬೆರಳಿನಿಂದ ತಾಗಿದ ಒಂದು ಸವರಿಗೂ ರೆಸಿನ್ ಅಲ್ಲಿಂದ ಓಡಿಹೋಗಿ ಗುಂಡಿ ಬೀಳುತ್ತೆ. ಸುರಿಯೋ ಮೊದಲು ಸ್ಪಿರಿಟ್ ಲೆವೆಲ್ ಎರಡೂ ದಿಕ್ಕಿಗೆ ಇಡಿ. 38 ಸೆಂ.ಮೀ. ಉದ್ದಕ್ಕೆ 1 ಮಿ.ಮೀ. ವಾರೆ ಇದ್ದರೂ ಒಂದು ದಡ ಮುಳುಗಿ ಇನ್ನೊಂದು ಬರಿದಾಗುತ್ತೆ.

ಸುರಿದು ಐದು ನಿಮಿಷ ಬಿಟ್ಟು ಹೀಟ್ ಗನ್, 15 ಸೆಂ.ಮೀ. ಎತ್ತರದಲ್ಲಿ, ನಿಲ್ಲಿಸದೆ ಬೀಸಿಕೊಂಡು ಹೋಗಬೇಕು. ಗುಳ್ಳೆ ಒಡೆಯೋದು ಮೇಲ್ಮೈ ಕ್ಷಣಕಾಲ ತೆಳುವಾಗೋದ್ರಿಂದ, ಕಾಯಿಸೋದ್ರಿಂದಲ್ಲ. ನಿಲ್ಲಿಸಿದರೆ ಕೆಳಗಿನ ಮರ ಬಿಸಿಯಾಗಿ ಇನ್ನಷ್ಟು ಗಾಳಿ ಬಿಡುತ್ತೆ. ಹತ್ತು ನಿಮಿಷಕ್ಕೆ ಇನ್ನೊಮ್ಮೆ, ಆಮೇಲೆ ಕೈ ಕಟ್ಟಿ ಕೂರಿ.

ಮುಂದಿನ ಪದರ: ಬೆರಳು ಒತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಅಂಟಬಾರದು. 28 ಡಿಗ್ರಿಯಲ್ಲಿ ಐದಾರು ಗಂಟೆ. ಆಗ ಸುರಿದರೆ ಎರಡೂ ಪದರ ಒಂದೇ ಆಗುತ್ತೆ. ರಾತ್ರಿ ಕಳೆದು ಮರುದಿನ ಆಗಿಹೋದರೆ 320ರಲ್ಲಿ ಉಜ್ಜಿ, ಒರೆಸಿ, ಆಮೇಲೆ. ಗೀರು ನೋಡಿ ಗಾಬರಿ ಬೇಡ. ಹೊಸ ರೆಸಿನ್ ತುಂಬಿದ ಕೂಡಲೇ ಮಾಯ, ಎರಡಕ್ಕೂ ಬೆಳಕು ಬಾಗುವ ಪ್ರಮಾಣ ಒಂದೇ.

ಹಳೇಚಾಣ

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ನೀರನ್ನ ಮರದಲ್ಲೇ ಕೆತ್ತೋಕೆ ಏನಡ್ಡಿ? ದೇವಸ್ಥಾನದ ಕಲ್ಲಿನಲ್ಲಿ ಅಲೆಯ ಗೆರೆ, ನಡುವೆ ಎರಡು ಮೀನು, ಅಷ್ಟರಲ್ಲೇ ಸಮುದ್ರ ಆಗುತ್ತೆ. ಬಣ್ಣ ಹಚ್ಚದ ಮರದ ಬಂಡೆ ಪಕ್ಕ ಗಾಜಿನಂಥ ನೀರು ಇಟ್ಟರೆ ಕಣ್ಣು ಬಂಡೆ ನೋಡೋದೇ ಇಲ್ಲ. ಕೆತ್ತನೆ ಹಿಂದೆ ಸರಿಯುತ್ತೆ.

ಎಪಾಕ್ಸಿ ಹಾಕೋದೇ ಆದರೆ ಇಡೀ ದೃಶ್ಯಕ್ಕೆ ಬಣ್ಣ ಇರಬೇಕು. ಅರ್ಧ ಮರ, ಅರ್ಧ ನೀರು ಬೇಡ.

ಬಣ್ಣದಬಟ್ಟಲು

ಚಾಣದವರ ಕೊನೆ ಮಾತು ಒಪ್ಪಿಗೆ. ಬಣ್ಣವಿಲ್ಲದ ಉಬ್ಬುಕೆತ್ತನೆಗೆ ಎಪಾಕ್ಸಿ ಹೊಂದಲ್ಲ. ಅಂಥದ್ದಕ್ಕೆ ಅಲೆ ಕೆತ್ತಿ ನೀರಿಗೆ ಮಾತ್ರ ಹೊಳಪಿನ ವಾರ್ನಿಶ್, ಉಳಿದದ್ದಕ್ಕೆ ಮ್ಯಾಟ್. ಆ ಹೊಳಪಿನ ವ್ಯತ್ಯಾಸವೇ ನೀರು ಅನ್ನಿಸುತ್ತೆ. ಇಲ್ಲಿ ಬಂಡೆಗೆ ಬಣ್ಣ ಬರ್ತಿದೆ, ಹಾಗಾಗಿ ನಡೆಯುತ್ತೆ.

ಈಗ ಹರಿಗೋಲು ಮತ್ತು ತೆರೆ, ಎರಡೂ ಒಟ್ಟಿಗೇ ಯೋಚಿಸಬೇಕಾದ್ದು.

ಆಳು ತುಂಬಿದ ಹರಿಗೋಲು ನೀರಿನಲ್ಲಿ ಒಂದು ಗೇಣಿಗಿಂತ ಕಡಿಮೆ ಮುಳುಗುತ್ತೆ. 1:32ರಲ್ಲಿ ಅದು 5 ಮಿ.ಮೀ. ಎರಡನೇ ಪದರ ಅರೆಗಟ್ಟಿ ಇದ್ದಾಗ ಕೂರಿಸಿ, ಮೂರನೆಯದು ಸುತ್ತ ಸುರಿಯಲಿ. ಬುಡಕ್ಕೆ ಮೊದಲೇ ಎರಡು ಕೈ ರೆಸಿನ್ ಹಚ್ಚಿ ಒಣಗಿಸಿರಬೇಕು, ಇಲ್ಲದಿದ್ದರೆ ಸುತ್ತ ಗುಳ್ಳೆಯ ಹಾರ. ಬುಡ ಗುಂಡಗಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ. ಕೂರಿಸುವಾಗ ಅಡಿಗೆ ಒಂದು ಹನಿ ರೆಸಿನ್ ಹಾಕಿ, ಒಂದು ಬದಿಯಿಂದ ಓರೆಯಾಗಿ ಇಳಿಸಿ. ಮೇಲಿಂದ ನೇರ ಒತ್ತಬೇಡಿ. ಸಣ್ಣ ಹಿತ್ತಾಳೆ ಮೊಳೆಯೊಂದು ತಳಕ್ಕೆ ಇಳಿದಿರಲಿ, ಮರ ತೇಲೋಕೆ ನೋಡುತ್ತೆ.

ತೆರೆ: ಲೇಪನದ ರೆಸಿನ್ ತಾನೇ ಸಮ ಆಗುತ್ತೆ, ಅದರ ಗುಣವೇ ಅದು. ಕಡ್ಡಿಯಲ್ಲಿ ಗೆರೆ ಎಳೆದರೆ ಎರಡು ನಿಮಿಷದಲ್ಲಿ ಮುಚ್ಚಿಹೋಗುತ್ತೆ. ಅರೆಗಟ್ಟಿಯಾದಾಗ ಎಳೆದರೆ ನೂಲು ಏಳುತ್ತೆ. ಅದಕ್ಕೇ ತೆರೆಯನ್ನ ರೆಸಿನ್‌ನಲ್ಲಿ ಮಾಡಬೇಡಿ. ಮೂರೂ ಪದರ ಪೂರ್ತಿ ಗಟ್ಟಿಯಾದ ಮೇಲೆ, ಮೂರು ದಿನ ಕಳೆದು, 600ರಲ್ಲಿ ಲಘುವಾಗಿ ಉಜ್ಜಿ ಹೊಳಪಿನ ಹೆವಿ ಜೆಲ್ ಹಚ್ಚಿ. ಅಕ್ರಿಲಿಕ್ ಬಣ್ಣದ ಅಂಗಡಿಯಲ್ಲಿ ಸಿಗೋ ಮೀಡಿಯಂ ಅದು, ಬಿಳಿ ಇರುತ್ತೆ, ಒಣಗಿದರೆ ತಿಳಿ. ಚಪ್ಪಟೆ ಬ್ರಷ್‌ನಿಂದ ತಟ್ಟಿ ತಟ್ಟಿ ಎತ್ತಿ.

ಎತ್ತರದ ಲೆಕ್ಕ ತಪ್ಪುವುದೇ ಇಲ್ಲಿ. ನಿಜವಾದ ಹೊಳೆಯ ಕಿರುತೆರೆ 3 ಸೆಂ.ಮೀ. ಅಂದುಕೊಂಡರೂ 1:32ರಲ್ಲಿ ಅದು 1 ಮಿ.ಮೀ.ಗೂ ಕೊಂಚ ಕಡಿಮೆ. ಜೆಲ್ 3 ಮಿ.ಮೀ. ಎದ್ದರೆ ಅದು ಆನೆಗೊಂದಿ ಅಲ್ಲ, ಮಲ್ಪೆ ಕಡಲು. ದಪ್ಪ ಹಚ್ಚಿದರೆ ಒಳಗೆ ನೀರು ಉಳಿದು ವಾರವಾದರೂ ಹಾಲು ಹಾಲು. ಬೇಕಿದ್ದರೆ ಎರಡು ತೆಳು ಕೈ.

ದೋಣಿಗೆ ಮೂತಿ ಇರುತ್ತೆ, ನೀರನ್ನ ಸೀಳಿ ಹಿಂದೆ ಈಟಿಯಾಕಾರದ ತೆರೆ ಬಿಡುತ್ತೆ. ಹರಿಗೋಲಿಗೆ ಮೂತಿ ಇಲ್ಲ. ಅದು ತಿರುಗುತ್ತ ಹೋಗುತ್ತೆ, ತೆರೆ ಉಂಗುರ ಉಂಗುರವಾಗಿ ಹರಡುತ್ತೆ. ಹುಟ್ಟು ಇಳಿದ ಜಾಗದಲ್ಲಿ ಒಂದು ಸಣ್ಣ ಸುಳಿ, ಅದರ ಪಕ್ಕ ಹಿಂದಿನ ಏಟಿನ ಮಾಸಿದ ಸುಳಿ. ಇವೆರಡು ಸಾಕು. ದೋಣಿಯ ತೆರೆಯನ್ನ ಹರಿಗೋಲಿಗೆ ಅಂಟಿಸಿದ ಕೆತ್ತನೆಗಳೇ ಹೆಚ್ಚು ಕಾಣೋದು.

ನೊರೆ ಬಂಡೆಗೆ ನೀರು ತಾಗುವ ಮೇಲ್ಗಡೆ ಬದಿಗೆ ಮಾತ್ರ, ಜೆಲ್‌ಗೆ ಬಿಳಿ ಬೆರೆಸಿ ಸೂಜಿಮೊನೆಯಲ್ಲಿ. ಕಮ್ಮಿ ಅನ್ನಿಸೋ ಹೊತ್ತಿಗೇ ನಿಲ್ಲಿಸಿ.

ಬಿಸಿಲೂರು

ರಾಯಚೂರು, ಕಲಬುರಗಿ ಕಡೆಯವರಿಗೆ ಒಂದು ಸೇರಿಕೆ. ಇಲ್ಲಿ ಬರೆದ ಸಮಯವೆಲ್ಲ 25ರಿಂದ 28 ಡಿಗ್ರಿಯದ್ದು. ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಹೆಚ್ಚೂಕಡಿಮೆ ಅರ್ಧ. ಏಪ್ರಿಲ್‌ನ ಮಧ್ಯಾಹ್ನ ಲೋಟದಲ್ಲಿ 200 ಗ್ರಾಂ ಕಲಸಿ ಫೋನ್ ಎತ್ತಿಕೊಂಡರೆ ಮುಗೀತು. ರೆಸಿನ್ ಬಿಸಿಯಾದಷ್ಟೂ ಬೇಗ ಕೂಡುತ್ತೆ, ಕೂಡಿದಷ್ಟೂ ಬಿಸಿಯಾಗುತ್ತೆ. ಲೋಟದಿಂದ ಹೊಗೆ ಎದ್ದು ಪ್ಲಾಸ್ಟಿಕ್ ಕರಗುತ್ತೆ. ಅಂಥ ಲೋಟ ಕೈಯಲ್ಲಿ ಹಿಡಿಯಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಹೊರಗೆ ಕಲ್ಲಿನ ಮೇಲೆ ಇಟ್ಟು ದೂರ ನಿಲ್ಲಿ.

ಒಂದು ಸಲಕ್ಕೆ 100 ಗ್ರಾಂ ಮೀರದಂತೆ ಕಲಸಿ, ಕಲಸಿದ ಕೂಡಲೇ ಸುರಿಯಿರಿ. ಹರಡಿದ ರೆಸಿನ್ ಬಿಸಿ ಬಿಡುತ್ತೆ, ಗುಪ್ಪೆಯಲ್ಲಿರೋದು ಕೂಡಿಸಿಕೊಳ್ಳುತ್ತೆ. ಬಾಟಲಿಗಳನ್ನ ಫ್ರಿಜ್‌ನಲ್ಲಿಟ್ಟು ತೆಗೆಯೋ ಉಪಾಯ ಬೇಡ, ಹೊರಗೆ ತಂದ ಕೂಡಲೇ ಬೆವರುತ್ತೆ, ಆ ನೀರು ರೆಸಿನ್‌ಗೆ ಇಳಿಯುತ್ತೆ.

ಶರಾವತಿ_ಕೊರಕಲು

ವಿಷಯ ಬದಲಿಸ್ತಿಲ್ಲ, ಪಕ್ಕದ್ದೇ. ಜೋಗದ ನಾಲ್ಕೂ ಕವಲನ್ನ 40 ಸೆಂ.ಮೀ. ಎತ್ತರದ ತೇಗದ ಹಲಗೆಯಲ್ಲಿ ಮಾಡೋದಾದರೆ ಬೀಳುವ ನೀರಿಗೆ ಏನು? ರೆಸಿನ್ ಲಂಬವಾಗಿ ನಿಲ್ಲಲ್ಲವಲ್ಲ.

ಬಣ್ಣದಬಟ್ಟಲು

ಜೋಗ 253 ಮೀಟರ್. 40 ಸೆಂ.ಮೀ.ಗೆ ಇಳಿಸಿದರೆ 1:630ರ ಹತ್ತಿರ. ಆ ದೂರದಿಂದ ನೀರಿಗೆ ಹೊಳಪೇ ಇರಲ್ಲ, ಬರೀ ಬಿಳಿ ಹೊಗೆ. ರೆಸಿನ್, ಜೆಲ್ ಎರಡೂ ಅಲ್ಲಿ ತಪ್ಪು. ಕೆತ್ತಿದ ಬಂಡೆಯ ಮೇಲೆ ಒಣ ಬ್ರಷ್‌ನಲ್ಲಿ ಬಿಳಿ, ಬುಡದಲ್ಲಿ ಎಳೆದು ಬಿಡಿಸಿದ ಹತ್ತಿ ಚೂರು. ರಾಜ ಒಂದೇ ಪಟ್ಟಿಯಾಗಿ ಬೀಳಲಿ, ರಾಣಿ ಬಂಡೆ ಮೇಲೆ ಹರಡಿ ಇಳಿಯಲಿ. ವ್ಯತ್ಯಾಸ ಅಷ್ಟರಲ್ಲೇ ಸಿಗುತ್ತೆ.

1:50ರ ಒಳಗಿನ ಸಣ್ಣ ಅಬ್ಬಿಯಾದರೆ ತಿಳಿ ಸಿಲಿಕೋನ್: ಪ್ಲಾಸ್ಟಿಕ್ ಹಾಳೆಯ ಮೇಲೆ ಉದ್ದಕ್ಕೆ ಎಳೆದು, ಟೂತ್‌ಪಿಕ್‌ನಲ್ಲಿ ಬಾಚಿ, ಒಂದು ದಿನ ಬಿಟ್ಟು ಸುಲಿದು ಅಂಟಿಸಿ. ಸಿಲಿಕೋನ್ ಮೇಲೆ ಬಣ್ಣ ನಿಲ್ಲಲ್ಲ, ಬಿಳಿ ಬೇಕಾದ ಕಡೆ ಅದರ ಮೇಲೆ ಜೆಲ್ಲೂ ಜಾರುತ್ತೆ. ಹಾಗಾಗಿ ಬಿಳಿಯನ್ನ ಹಿಂದಿನ ಬಂಡೆಗೇ ಹಚ್ಚಿಟ್ಟುಕೊಳ್ಳಿ. ಮಡುವಿನ ರೆಸಿನ್ ಸುರಿದು ಗಟ್ಟಿಯಾದ ಮೇಲೆಯೇ ಸಿಲಿಕೋನ್ ಹತ್ತಿರ ತನ್ನಿ.

ಉಳಿಪೆಟ್ಟು

ಎರಡು ಪದರ ಮುಗಿದಿದೆ. ಎರಡು ತೊಂದರೆ. ಎಡದಂಡೆಯಲ್ಲಿ ನಾಣ್ಯದಷ್ಟು ಜಾಗ ಇನ್ನೂ ಅಂಟು, 36 ಗಂಟೆ ಆಯ್ತು. ಬಂಡೆಗಳ ಬುಡದಲ್ಲಿ ರೆಸಿನ್ 2 ಮಿ.ಮೀ. ಮೇಲಕ್ಕೆ ಹತ್ತಿ ಹೊಳೆಯುತ್ತಿದೆ.

ರಾಳಶಾಸ್ತ್ರ

ಒಂದೇ ಕಡೆ ಅಂಟು ಅಂದ್ರೆ ಲೋಟ ಕೆರೆದು ಹಾಕಿದ್ದು. ಅನುಪಾತ ತಪ್ಪಿದ್ದರೆ ಇಡೀ ಹೊಳೆ ಅಂಟುತ್ತಿತ್ತು. ಕಾಯೋದರಿಂದ ಸರಿಹೋಗಲ್ಲ. ಬಾಗು ಉಳಿಯಲ್ಲಿ ಆ ಮೆತ್ತಗಿನದನ್ನ ಗಟ್ಟಿ ಸಿಗುವ ತನಕ ಕೆರೆದು ತೆಗೆಯಿರಿ, ಅಸಿಟೋನ್‌ನಲ್ಲಿ ಒರೆಸಿ, 220ರಲ್ಲಿ ಸುತ್ತ ಉಜ್ಜಿ. ಮೂರನೇ ಪದರದ ಮೊದಲು ಆ ಗುಂಡಿಯನ್ನ ಪ್ರತ್ಯೇಕ ತುಂಬಿ ಗಟ್ಟಿ ಮಾಡಿ. ಮೂರನೇ ಪದರ ಸುರಿದು ಮುಚ್ಚಿಬಿಡೋಣ ಅನ್ನಿಸುತ್ತೆ, ಬೇಡ. ಅಡಿಯಲ್ಲಿ ಮೆತ್ತಗೆ ಉಳಿದದ್ದು ವರ್ಷ ಕಳೆದು ಮೇಲೆ ತಗ್ಗಾಗಿ ಕಾಣುತ್ತೆ.

ಬುಡಕ್ಕೆ ಹತ್ತಿದ್ದು ದ್ರವದ ಸಹಜ ಗುಣ, ಲೋಟದ ಅಂಚಿಗೆ ನೀರು ಹತ್ತುವ ಹಾಗೆ. ನಿಲ್ಲಿಸೋಕಾಗಲ್ಲ. ಎಲ್ಲ ಮುಗಿದ ಮೇಲೆ ಸಣ್ಣ ಬ್ರಷ್‌ನಲ್ಲಿ ಮ್ಯಾಟ್ ವಾರ್ನಿಶ್ ಹಚ್ಚಿದರೆ ಹೊಳಪು ಹೋಗುತ್ತೆ. ಕೆಳಗಿನ ಅರ್ಧ ಮಿ.ಮೀ. ಹೊಳೆಯಲಿ ಬಿಡಿ, ಒದ್ದೆ ಬಂಡೆ ಹಾಗೇ ಇರೋದು.

ಉಜ್ಜುವ ಮುನ್ನ: ಪೂರ್ತಿ ಗಟ್ಟಿಯಾಗದ ರೆಸಿನ್‌ನ ಪುಡಿ ಚರ್ಮಕ್ಕೆ, ಶ್ವಾಸಕ್ಕೆ ಕೆಟ್ಟದ್ದು. ಎನ್95 ಪುಡಿಗೆ ಸಾಕು, ಸುರಿಯುವಾಗಿನ ಆವಿಗೆ ಸಾಲದು. ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮುಖವಾಡ, ತೆರೆದ ಕಿಟಕಿ. ಕೈಗೆ ನೈಟ್ರೈಲ್ ಕೈಗವಸು. ಚರ್ಮಕ್ಕೆ ತಾಗಿದರೆ ಸೋಪು ನೀರು. ಥಿನ್ನರ್, ಅಸಿಟೋನ್‌ನಲ್ಲಿ ಒರೆಸಿದರೆ ಅವು ರೆಸಿನ್ನನ್ನ ಚರ್ಮದೊಳಕ್ಕೇ ಒಯ್ಯುತ್ತವೆ. ಎಪಾಕ್ಸಿಯ ಅಲರ್ಜಿ ಒಮ್ಮೆ ಹಿಡಿದರೆ ಸಾಮಾನ್ಯವಾಗಿ ಬಿಡಲ್ಲ, ಆಮೇಲೆ ಒಂದು ಹನಿ ತಾಗಿದರೂ ತುರಿಕೆ, ಗುಳ್ಳೆ.

ತೇಗದಹೊಟ್ಟು

ಮರೆತಿದ್ದು ಒಂದು. ಹಲಗೆಯ ಹಿಂಬದಿ! ಮುಂದೆ ರೆಸಿನ್ ಮುಚ್ಚಿದೆ, ಹಿಂದೆ ಬರಿ ಮರ. ಮಳೆಗಾಲದಲ್ಲಿ ಹಿಂದೆ ಮಾತ್ರ ತೇವ ಹೀರಿ ಹಲಗೆ ಬಿಲ್ಲಾಗುತ್ತೆ, ಗಟ್ಟಿ ರೆಸಿನ್ ಅಂಚಿನಲ್ಲಿ ಬಿರುಕು ಬಿಡುತ್ತೆ. ಹಿಂದೆಯೂ ಪಿಯು (ಪಾಲಿಯುರಿಥೇನ್ ವಾರ್ನಿಶ್) ಅಥವಾ ತೆಳು ರೆಸಿನ್ ಎರಡು ಕೈ. 40 ಮಿ.ಮೀ. ದಪ್ಪ ಇರೋದ್ರಿಂದ ತಕ್ಷಣಕ್ಕೆ ಏನೂ ಆಗಲ್ಲ, ಆದರೂ ಈ ವಾರವೇ ಹಚ್ಚಿ.

ಉಳಿಪೆಟ್ಟು

ಹಚ್ಚುತ್ತೇನೆ. ಕೊನೆಯದು: ಇದು ಕಲಬುರಗಿಗೆ ಲಾರಿಯಲ್ಲಿ ಹೋಗಬೇಕು. ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಪೆಟ್ಟಿಗೆಗೆ ಹಾಕಿದರೆ ಸಾಕಾ?

ಬಿಸಿಲೂರು

ಗುಳ್ಳೆ ಪ್ಲಾಸ್ಟಿಕ್ ಮಾತ್ರ ನೀರಿಗೆ ತಾಗಿಸಬೇಡಿ. ಕೋಣೆಯ ತಾಪದಲ್ಲೇ ಗಟ್ಟಿಯಾದ ಎಪಾಕ್ಸಿ ಸುಮಾರು 50 ಡಿಗ್ರಿಯಲ್ಲಿ ಮೆತ್ತಗಾಗುತ್ತೆ. ಮುಚ್ಚಿದ ಲಾರಿ ಬಿಸಿಲಲ್ಲಿ ನಿಂತರೆ ಅಷ್ಟು ಸುಲಭವಾಗಿ ಏರುತ್ತೆ. ತೆಗೆದು ನೋಡಿದರೆ ಹೊಳೆಯ ತುಂಬ ಸಾಲು ಸಾಲು ವೃತ್ತ ಅಚ್ಚಾಗಿರುತ್ತೆ. ಬಟ್ಟೆ ಸುತ್ತಿದರೆ ನೇಯ್ಗೆ ಅಚ್ಚಾಗುತ್ತೆ.

ಮರದ ಪೆಟ್ಟಿಗೆ ಮಾಡಿಸಿ ಹಲಗೆಯನ್ನ ನಾಲ್ಕು ಮೂಲೆಯಲ್ಲಿ ಮಾತ್ರ ಹಿಡಿಸಿ. ನೀರಿನ ಮೇಲೆ ಏನೂ ತಾಗದಂತೆ ಅಂಬಿಗನ ತಲೆಗಿಂತ ಎರಡು ಬೆರಳು ಜಾಗ ಬಿಡಿ. ಜೆಲ್ ಹಚ್ಚಿ ಎರಡು ವಾರ ಕಳೆದ ಮೇಲೆ ಕಳಿಸಿ. ಅಲ್ಲಿ ತಲುಪಿದ ಮೇಲೆ ಕಿಟಕಿಯ ನೇರ ಬಿಸಿಲು ಬೀಳದ ಗೋಡೆ ಹುಡುಕೋಕೆ ಹೇಳಿ, ಯುವಿ ತಡೆ ಇರೋ ರೆಸಿನ್ ಆದರೂ ಹಳದಿ ತಡವಾಗಿ ಬರುತ್ತೆ ಅಷ್ಟೇ. ನಿಮ್ಮದು ಹಸಿರುಗಂದು ಹೊಳೆ, ಸ್ವಲ್ಪ ಹಳದಿಯಾದರೂ ಕಾಣಲ್ಲ. ನೀಲಿ ಮಾಡಿದ್ದವರಿಗೆ ಆ ಅನುಕೂಲ ಇಲ್ಲ.